ಡಬ್ಬಿ ಯಾರು ತೊಳೀಬೇಕು

ಉದ್ಯಮಬಾಗದಾಗ, ಫೌಂಡ್ರಿಯ ಹಿಂದ,
ತಗಡಿನ ಮಾಡಿನ ಕೆಳಗ ನಮ್ಮ ಮೂರು ಮೇಜು.
ನಡುವಿನದು ನಂದು. ಅದಕ್ಕ
ಎರಡೂ ಕಡೆಯ ಬೈಗುಳ ಬಾಯಿಪಾಠ.

ಎಡಕ್ಕ ಶ್ರೀಪಾದ ಕಾಕತಕರ. ಇಪ್ಪತ್ತೆಂಟು ವರ್ಷ ಸಿ.
ಪ್ರೆಸ್ಸಿನ ವಾಲ್ವು ತೆರೆಯೂದು, ಮುಚ್ಚೂದು
ಎಲ್ಲಾ ಅವರ ಸಾಲಿನ ಮ್ಯಾಲ.
'ಮೆಮರಿ ಅಂದರ ಹೊಲ ಇದ್ದಂಗ,' ಅಂತಾರ,
'ಬದು ಎಲ್ಲೈತಿ ಅಂತ ಹೊಲದವಗ ಗೊತ್ತಿರತೈತಿ.
ಬೇಲಿ ಯಾಕ?'

ಬಲಕ್ಕ ಶ್ರಾವಣಿ ಮುಗಳಖೋಡ. ರಸ್ಟ್.
ತಲಿ ಎತ್ತದ ಕೇಳತಾಳ:
'ಹಂಗಾರ ಕೋರ್ಟಿನಾಗ ಬದುವಿನ ಕೇಸು
ಯಾಕ ಅಷ್ಟು ಅದಾವ, ಕಾಕಾ?'

ಚಾ ತಂದಾಗೊಮ್ಮೆ ದಸ್ತಗೀರ ಮುಜಾವರ ನಗತಾರ:
'ಕಬ್ಬಿಣದ ಓಣ್ಯಾಗ ತುಕ್ಕಿನ ಹೆಸರು ಇಟಗೊಂಡು
ಯಾರು ಬಂದಾರವ್ವ ವ್ಯಾಪಾರಕ್ಕ?'

ಈ ಊರಾಗ ಭಾಷಾದ ಮಾತು ಎದ್ದರ
ಕಪ್ಪಿನಾಗ ಚಾ ಆರತೈತಿ.
ಬೋರ್ಡಿನ ಮ್ಯಾಲ ಯಾವ ಅಕ್ಷರ ಮೊದಲು, ಯಾವುದು ದಪ್ಪ,
ಬಣ್ಣ ಒಣಗೂ ಮುಂಚೆ ಜಗಳ.
ಆದರ ಮೂರನೇ ಗೇಟಿನ ಹತ್ತರ
ಮೆಂತ್ಯದ ಸಿವುಡು ಮಾರಾಕಿ
ಕನ್ನಡದಾಗ ಬೆಲೆ ಹೇಳಿ, ಮರಾಠಿಯೊಳಗ ಬೈಸಿಕೊಂಡು,
ಉರ್ದುವಿನಾಗ ಚಿಲ್ಲರೆ ಎಣಿಸಿ ಕೊಡತಾಳ.
ಲೆಕ್ಕ ತಪ್ಪಿದ್ದು ನಾ ನೋಡಿಲ್ಲ.

ನನ್ನ ಕೆಲಸ ಆಕಿಯಷ್ಟು ದೊಡ್ಡದಲ್ಲ.
ಒಂದು ಸಣ್ಣ ಫೈಲು, ಎರಡರ ನಡುವಿನ ಕಿಂಡಿ.
ಅದರಾಗ ಹಿಡಿಯೂದು ಅಂಕಿ, ವಿಳಾಸ, ಅಷ್ಟಽ.
ತನ್ನ ಸೊಗಸೆಲ್ಲಾ ಚಪ್ಪಲಿಯಂಗ ಹೊರಗ ಬಿಟ್ಟು
ಶ್ರಾವಣಿ ಬಾಗಿ, ಹಳೇ ಸಿಯ ಧಾಟಿಯೊಳಗ ಕರೀಬೇಕು.
ಕರಿಯೂ ಮುಂದ 'ಅನ್‌ಸೇಫ್' ಅಂತ ಬರೀಬೇಕು.

ಆ ಶಬ್ದ ಕಂಡರ ಶ್ರೀಪಾದರಿಗೆ ಉರಿ:
'ನನ್ನ ಮನಿ ಬಾಗಿಲಿಗೆ ಅಪಾಯದ ಬೋರ್ಡು!'
'ಅಪಾಯ ಅಂತಲ್ಲ ಕಾಕಾ.
ಇಲ್ಲಿಂದ ಮುಂದ ಕಂಪೈಲರ್ ಕಾಯಂಗಿಲ್ಲ,
ಹೊಣೆ ನಂದು ಅಂತ.'
ಅವರು ಕನ್ನಡಕ ತೆಗೆದು ಒರಸಿದರು.
'ಆ ಹೊಣೆ ನಾ ಇಪ್ಪತ್ತೆಂಟು ವರ್ಷ
ಬರೀದಽ ಹೊತ್ತೇನಿ.'

ಗುರುವಾರ ರಾತ್ರಿ ಹನ್ನೊಂದಕ್ಕ
ಬೆಂಚಿನ ಮ್ಯಾಲ ಒತ್ತಡ ಎರಡು ನೂರಾ ಹತ್ತು ಬಾರ್.
ಗೇಜಿನ ಮುಳ್ಳು ನಡುಗತಿತ್ತು, ಪರದೆಯ ಮ್ಯಾಲ ಸೊನ್ನೆ.
ವಾಲ್ವು ಹಲ್ಲು ಕಚ್ಚಿ ನಿಂತಬಿಟ್ಟಿತು.
ಮೊದಲ ಹತ್ತು ನಿಮಿಷ ಭಾಷಾದ್ದು ತಪ್ಪು.
ಆಮ್ಯಾಲ ಭಾಷಾ ಹುಟ್ಟಿಸಿದವರದು.
ಆಮ್ಯಾಲ ಅದನ್ನ ಕಲಿತ ತಲಿಮಾರಿಂದು.
ಅಷ್ಟರಾಗ ದಸ್ತಗೀರ ಸುಮ್ಮನ ಬಂದು
ಹ್ಯಾಂಡಲ್ ತಿರುವಿ ಎಣ್ಣಿ ಇಳಿಸಿದರು.

ಎರಡೂವರೆಗೆ ಸಿಕ್ಕಿತು. ನನ್ನ ಫೈಲಿನಾಗ.
ಅಳತಿ ತುಂಬಿದ ಡಬ್ಬಿ ಆಕಿ ಕೊಟ್ಟಾಳ, ಇವರು ಇಸಕೊಂಡಾರ.
ಖಾಲಿ ಮಾಡಿ ತೊಳಿಯೂದು ಯಾರು
ಅಂತ ನಾ ಬರದಽ ಇಲ್ಲ.
ಇವರು ತೊಳದಿಟ್ಟರು, ಸಭ್ಯಸ್ತರು.
ಆಕಿಯೂ ತೊಳದಳು, ಶಿಸ್ತಿನಾಕಿ.
ಎರಡನೇ ಸಲ ತೊಳಿಯೂ ಹೊತ್ತಿಗೆ
ಅದರಾಗ ಬ್ಯಾರೆ ಮನಿಯ ಸಾರಿತ್ತು.
ಚೆಲ್ಲಿಹೋತು.

ಇಬ್ಬರೂ ಒಮ್ಮೆಲೆ ನನ್ನ ಕಡೆ ತಿರುಗಿದರು.
ಆರು ತಿಂಗಳದಾಗ ಮೊದಲ ಸಲ
ಒಂದಽ ಮಾತು, ಒಂದಽ ಧ್ವನಿ, ಒಂದಽ ಬೈಗುಳ.
ಬೈಸಿಕೊಂಡರೂ ಖರೇ ಹೇಳತೇನಿ, ಹಗುರಾತು.

ತಿದ್ದಿದೆ. ಮ್ಯಾಲ ಕನ್ನಡದಾಗ ಟಿಪ್ಪಣಿ ಬರದೆ:
ಡಬ್ಬಿ ಇಸಕೊಂಡವರು ಕೊಟ್ಟವರಿಗೇ ತಿರುಗಿ ಕೊಡಬೇಕು.
ತೊಳಿಯೂದು ಕೊಟ್ಟವರ ಕೆಲಸ.
ನಮ್ಮವ್ವ ಓದಿದ್ದರ ನಾಚಿಕೊಳತಿದ್ದಳು;
ನಮ್ಮ ಓಣ್ಯಾಗ ತೊಳದು, ಮ್ಯಾಲ ಒಂದು ಹಳಕು ಬೆಲ್ಲ ಇಟ್ಟು
ಡಬ್ಬಿ ತಿರುಗಿಸತಾರ.

ಶುಕ್ರವಾರ ಮುಂಜಾನೆ ನೋಡಿದರ
ನನ್ನ ಸಾಲಿನ ಕೆಳಗ ಮರಾಠಿಯೊಳಗ ಒಂದು ಶಬ್ದ,
ಝಾಕಣಾಸಕಟ.
ಮುಚ್ಚಳದ ಸಮೇತ.
ಶ್ರಾವಣಿ ಏನೂ ಬರದಿರಲಿಲ್ಲ,
ನನ್ನ ಕಾಗುಣಿತ ತಿದ್ದಿದ್ದಳು.

ಈಗ ಪ್ರೆಸ್ಸು ಬಡೀತೈತಿ. ಎಡಕ್ಕೂ ಬಲಕ್ಕೂ
ಎಲ್ಲಾ ಹೊಸದಾಗಿ ಬರೀಬೇಕೋ ಬ್ಯಾಡೋ ಅಂತ
ಮತ್ತ ಶುರುವಾಗೇತಿ, ಚಾ ಆರಾಕ್ಹತ್ತೇತಿ.
ಆ ಟಿಪ್ಪಣಿಯನ್ನ ಕಂಪೈಲರ್ ಎರಡೂ
ಓದದಽ ದಾಟಿ ಹೋಗತಾವ.
ನಾವು ಮೂವರು ಮಾತ್ರ
ಫೈಲು ತೆಗೆದಾಗೊಮ್ಮೆ ಅಲ್ಲಿ ನಿಲ್ಲತೇವಿ.